ಗೋಡೆಯಾಚೆ ಏನೂ ಕಾಣುವುದಿಲ್ಲ

ಮಾನ್ಯರೇ,

ಶಾಖವನ್ನೇ ಚಿತ್ರವಾಗಿ ತೋರಿಸುವ, ಕೈಯಲ್ಲಿ ಹಿಡಿಯುವ ಥರ್ಮಲ್ ಕ್ಯಾಮೆರಾ ಕುರಿತ ನಮ್ಮ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಗೋಡೆಯ ಹಿಂದಿರುವವರು ಏನು ಮಾಡುತ್ತಿದ್ದಾರೆಂದು ಅದರಲ್ಲಿ ತಿಳಿಯುತ್ತದೆಯೇ? ವಯಸ್ಸಾದ ತಂದೆ ರಾತ್ರಿ ಬಿದ್ದರೆ ಅದು ಗುರುತಿಸಬಲ್ಲುದೇ?

ಮೊದಲನೆಯದಕ್ಕೆ ಉತ್ತರ ಚುಟುಕು: ಇಲ್ಲ. ಸಿನಿಮಾದವರು ತೋರಿಸುವುದನ್ನು ನಂಬಬೇಡಿ. ಈ ಕ್ಯಾಮೆರಾ ನೋಡುವುದು ಮೇಲ್ಮೈಯಿಂದ ಹೊಮ್ಮುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಶಾಖದ) ಕಿರಣವನ್ನು, ಹೆಚ್ಚಾಗಿ 8ರಿಂದ 14 ಮೈಕ್ರೊಮೀಟರ್ ತರಂಗಾಂತರದ್ದನ್ನು. ಗೋಡೆಯ ಮಾತು ಬಿಡಿ, ಕಿಟಕಿಯ ಗಾಜೂ ಅದಕ್ಕೆ ಗೋಡೆಯೇ. ಗಾಜಿನತ್ತ ಹಿಡಿದರೆ ಹಿಡಿದವರ ಬಿಂಬವೇ ಮಸುಕಾಗಿ ಮೂಡುತ್ತದೆ. ತಮಾಷೆಯೆಂದರೆ, ತೆಳ್ಳಗಿನ ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟರೆ ಐದೂ ಬೆರಳು ಎಣಿಸಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 2001ರ ಕೈಲೋ ಪ್ರಕರಣದಲ್ಲಿ, ಅಧಿಕಾರಿಗಳು ಥರ್ಮಲ್ ಕ್ಯಾಮೆರಾದಿಂದ ಮನೆಯನ್ನು ಹೊರಗಿನಿಂದ ನೋಡುವುದೂ ಶೋಧವೇ, ವಾರಂಟ್ ಬೇಕು ಎಂದಿತು. ಅಲ್ಲಿಯೂ ಅಧಿಕಾರಿಗಳಿಗೆ ಕಂಡದ್ದು ಛಾವಣಿಯ ಮತ್ತು ಒಂದು ಪಕ್ಕದ ಗೋಡೆಯ ಬಿಸಿ ಅಷ್ಟೇ, ಒಳಗಿದ್ದ ಮನುಷ್ಯರಲ್ಲ.

ಎರಡನೆಯದಕ್ಕೆ ಹಾಗೆ ಒಂದೇ ಮಾತಿನಲ್ಲಿ ಹೇಳಲಾಗದು. ಕ್ಯಾಮೆರಾಕ್ಕೆ ಗೊತ್ತಾಗುವುದು ಶಾಖ. ನಡಿಗೆ, ಕೂರುವಿಕೆ, ಬೀಳುವಿಕೆ ಎಂಬುದೆಲ್ಲ ಆ ಶಾಖದ ಆಕಾರ ಕ್ಷಣಕ್ಷಣಕ್ಕೂ ಹೇಗೆ ಬದಲಾಯಿತು ಎಂಬುದರಿಂದ ತಂತ್ರಾಂಶ ಮಾಡುವ ಊಹೆ. ಕೆಲವು ಕೆಲಸಗಳನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಬಿಸಿ ಲೋಟವೊಂದು ಬೆಳ್ಳಗೆ ಹೊಳೆಯುತ್ತ ಮುಖದತ್ತ ಏರಿದರೆ ಕುಡಿಯುತ್ತಿದ್ದಾರೆ ಎನ್ನಲು ಬೆಳಕೇ ಬೇಕಿಲ್ಲ. ಮೋಸವೂ ಉಂಟು. ನಮ್ಮ ಕಚೇರಿಯಲ್ಲಿ ಮೇಜಿನ ಮೇಲೆ ಅಂಗೈ ಊರಿ ತೆಗೆದೆ; ಕೈ ಹೋದ ಮೇಲೂ ಕೈಯ ಗುರುತು ಪರದೆಯಲ್ಲಿ ಉಳಿದು, ನಿಧಾನವಾಗಿ ಕರಗಿತು. ಆಗತಾನೇ ಎದ್ದುಹೋದವರ ಹಾಸಿಗೆಯೂ ಹಾಗೆಯೇ: ಯಾರೋ ಮಲಗಿದ್ದಾರೆ ಎನ್ನಿಸುವಷ್ಟು ಬೆಚ್ಚಗಿರುತ್ತದೆ.

ಕೈಯಲ್ಲಿ ಹಿಡಿದಾಗ ಇನ್ನೊಂದು ತಲೆನೋವು. ಕೈ ಅಲುಗಿದರೆ ಕೋಣೆಯೇ ಅಲುಗುತ್ತದೆ, ಯಾವುದು ನಿಮ್ಮ ಕೈಯ ಚಲನೆ, ಯಾವುದು ಎದುರಿಗಿರುವವರದು ಎಂದು ತಂತ್ರಾಂಶ ಮೊದಲು ಬಿಡಿಸಿಕೊಳ್ಳಬೇಕು. ಇಂಥ ಅನೇಕ ಉಪಕರಣಗಳು ಸೆಕೆಂಡಿಗೆ ಸುಮಾರು 9 ಚಿತ್ರ ಮಾತ್ರ ಕೊಡುತ್ತವೆ. ಆಗಾಗ ತಮ್ಮನ್ನೇ ಸರಿಪಡಿಸಿಕೊಳ್ಳಲು ಒಳಗಿನ ಷಟರ್ ‘ಟಕ್’ ಎಂದು ಮುಚ್ಚಿ, ಚಿತ್ರ ಅರೆಗಳಿಗೆ ನಿಂತುಬಿಡುತ್ತದೆ. ಬೀಳುವುದಕ್ಕೆ ಅಷ್ಟು ಹೊತ್ತೇ ಸಾಕು.

ಆದ್ದರಿಂದ ತಂದೆಯವರಿಗಾಗಿ ಕೈಕ್ಯಾಮೆರಾ ಕೊಳ್ಳಬೇಡಿ. ರಾತ್ರಿಯಿಡೀ ಅದನ್ನು ಹಿಡಿದು ಕೂರುವವರು ಯಾರು? ಕೋಣೆಯ ಮೂಲೆಯಲ್ಲಿ ಎತ್ತರಕ್ಕೆ ಬಿಗಿದಿಡುವ ಥರ್ಮಲ್ ಸಂವೇದಕ ನೋಡಿ. ಮುಖಚಹರೆ ಅದರಲ್ಲಿ ಸ್ಪಷ್ಟವಾಗಿ ಮೂಡದ ಕಾರಣ ಅವರಿಗೂ ಮುಜುಗರ ಕಡಿಮೆ. ಬಚ್ಚಲುಮನೆಗೆ ಮಾತ್ರ ಅದನ್ನು ನಂಬಬೇಡಿ. ಬಿಸಿನೀರಿಗೆ ಗೋಡೆ, ನೆಲ ಎಲ್ಲ ಮೈಯಷ್ಟೇ ಬೆಚ್ಚಗಾದರೆ ಮನುಷ್ಯ ಅದರಲ್ಲಿ ಕರಗಿಹೋಗುತ್ತಾನೆ. ಅಲ್ಲಿಗೆ ಹಿಡಿಕೆ ಮತ್ತು ಕೈಗೆಟಕುವ ಕರೆಗಂಟೆಯೇ ಸರಿ.

– ಸಂಪಾದಕ