ಪೆರೆಸ್ ಲೇಖನ: ಬಸ್ ನಿಲ್ದಾಣದಿಂದ ಶುರು ಮಾಡಿ

ನಮಸ್ಕಾರ,

ವೆನೆಜುವೆಲಾದ ಮಾಜಿ ಅಧ್ಯಕ್ಷ ಕಾರ್ಲೋಸ್ ಆಂದ್ರೆಸ್ ಪೆರೆಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇನೆ.

1922ರಲ್ಲಿ ಹುಟ್ಟಿದ್ದರಿಂದ ಹಿಡಿದು 2010ರಲ್ಲಿ ಮಯಾಮಿಯಲ್ಲಿ ತೀರಿಕೊಂಡದ್ದರ ತನಕ ಒಂದು ಇಸವಿಯನ್ನೂ ಬಿಡದೆ ಬರೆದಿದ್ದೀರಿ. ಪರೀಕ್ಷೆಗೆ ಓದುವವರಿಗೆ ಉಪಯೋಗವಾದೀತು. ಆದರೆ ಕಥೆ ಇರುವುದು ಬೇರೆ ಕಡೆ. ಒಬ್ಬರೇ ಮನುಷ್ಯ ಎರಡು ಸಲ ಅಧ್ಯಕ್ಷರಾದರು. ಒಮ್ಮೆ ದೇಶದ ಮುಖ್ಯ ಆದಾಯವಾದ ಕಚ್ಚಾ ಎಣ್ಣೆಯ ಬೆಲೆ ಏರಿದಾಗ, ಇನ್ನೊಮ್ಮೆ ಅದು ಬಿದ್ದು ಖಜಾನೆ ಬರಿದಾದಾಗ.

ಮೊದಲ ಅವಧಿಯನ್ನು (1974–79) ‘ಸುವರ್ಣಯುಗ’ ಅಂದುಬಿಟ್ಟಿದ್ದೀರಿ. ಓದಿದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಪ್ರತಿ ಲಿಫ್ಟಿಗೂ ಒಬ್ಬ ಆಳು, ಸಾರ್ವಜನಿಕ ಶೌಚಾಲಯಕ್ಕೂ ಒಬ್ಬ ಆಳು ಇರಬೇಕು ಎಂದು ಆಗ ಸರ್ಕಾರವೇ ಆಜ್ಞೆ ಹೊರಡಿಸಿತ್ತು. ಗುಂಡಿ ಒತ್ತಲೂ ಸಂಬಳದ ಆಳು! ಇದೊಂದು ಹಾಕಿ ಸಾಕು. 1976ರ ಜನವರಿ 1ರಂದು ಎಣ್ಣೆ ಉದ್ಯಮ ರಾಷ್ಟ್ರೀಕರಣವಾದದ್ದೂ ಇದೇ ಹುಮ್ಮಸ್ಸಿನಲ್ಲಿ.

1989ಕ್ಕೆ ಬಂದಾಗ ‘ಐಎಂಎಫ್ ಷರತ್ತುಗಳಿಂದ ಜನ ದಂಗೆ ಎದ್ದರು’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಜನ ಷರತ್ತುಪತ್ರ ಓದಿ ಬೀದಿಗಿಳಿಯಲಿಲ್ಲ ಅಲ್ವಾ? ಸಾಲ ಕೊಡುವ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಷರತ್ತುಗಳಿಗೆ ಸರ್ಕಾರ ಒಪ್ಪಿದ್ದರಿಂದ ಪೆಟ್ರೋಲ್ ಬೆಲೆ ಏರಿತು. ಬಸ್ ದರ ಶೇ. 30ರಷ್ಟು ಏರಿಸಬಹುದು ಎಂದು ಸರ್ಕಾರ ಹೇಳಿತ್ತು. ಬಸ್ಸಿನವರು ಅದಕ್ಕಿಂತ ಜಾಸ್ತಿ ಕೇಳಿದರು, ವಿದ್ಯಾರ್ಥಿಗಳ ರಿಯಾಯಿತಿಯನ್ನೂ ಒಪ್ಪಲಿಲ್ಲ. ಫೆಬ್ರವರಿ 27, ಸೋಮವಾರ ಬೆಳಗ್ಗೆ. ಹತ್ತಿರದ ಊರಾದ ಗ್ವಾರೆನಾಸ್‌ನಿಂದ ರಾಜಧಾನಿ ಕರಾಕಸ್‌ಗೆ ಕೆಲಸಕ್ಕೆ ಹೊರಟವರು ನಿಲ್ದಾಣದಲ್ಲೇ ತಿರುಗಿಬಿದ್ದರು. ಅವತ್ತೇ ಕರಾಕಸ್‌ನಲ್ಲಿ ಅಂಗಡಿಗಳ ಲೂಟಿ ಶುರುವಾಯಿತು. ಆಮೇಲೆ ಸೈನ್ಯ ಬಂತು. ಸರ್ಕಾರದ ಲೆಕ್ಕದಲ್ಲೇ 270ಕ್ಕಿಂತ ಜಾಸ್ತಿ ಜನ ಸತ್ತರು. ಪೆರೆಸ್ ಎರಡನೇ ಸಲ ಅಧಿಕಾರ ಹಿಡಿದು ಆಗಿನ್ನೂ ತಿಂಗಳೂ ತುಂಬಿರಲಿಲ್ಲ. ಹಳೆಯ ಕಾಲ ಮತ್ತೆ ಬಂದೀತು ಎಂದು ವೋಟು ಹಾಕಿದ್ದ ದೇಶ ಅದು. ನಿಮ್ಮ ಲೇಖನ ಶುರುವಾಗಬೇಕಾದ್ದು ಆ ನಿಲ್ದಾಣದಿಂದ.

‘ದೇಶ ದೋಚಿದ ಕಳ್ಳ’ ಎಂಬ ಮಾತು ತೆಗೆಯಿರಿ. 1993ರಲ್ಲಿ ಅವರ ಹುದ್ದೆಗೆ ಕುತ್ತು ತಂದದ್ದು ಸರ್ಕಾರದ ರಹಸ್ಯ ಖರ್ಚಿನ ನಿಧಿಯ 25 ಕೋಟಿ ಬೊಲಿವಾರ್ (ಅಲ್ಲಿನ ಹಣ). ಅದರಲ್ಲಿ ಒಂದು ಪಾಲು ನಿಕರಾಗುವಾದ ಅಧ್ಯಕ್ಷೆ ವಿಯೊಲೆಟಾ ಚಮೊರೊ ಅವರ ಭದ್ರತೆಗೆ ಹೋಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ 28 ತಿಂಗಳ ಶಿಕ್ಷೆ ಕೊಟ್ಟದ್ದು ಹಣದ ದುರ್ಬಳಕೆಗೆ, ಜೇಬಿಗಿಳಿಸಿದ್ದಕ್ಕಲ್ಲ. ಇಷ್ಟಾದ ಮೇಲೂ 1998ರಲ್ಲಿ ತವರು ರಾಜ್ಯ ತಾಚಿರಾದ ಜನ ಅವರನ್ನು ಸೆನೆಟ್‌ಗೆ ಆರಿಸಿ ಕಳಿಸಿದರು. ಇದನ್ನು ಯಾಕೆ ಬಿಟ್ಟಿರಿ? ನಿಮ್ಮ ತೀರ್ಪಿಗೆ ಹೊಂದಲಿಲ್ಲ ಅಂತ ತಾನೆ? ನನಗಂತೂ ಇಡೀ ಲೇಖನಕ್ಕಿಂತ ಇದೇ ಕುತೂಹಲ ಹುಟ್ಟಿಸಿತು.

ಮುಂದೆ ಅಧ್ಯಕ್ಷರಾದ ಸೇನಾಧಿಕಾರಿ ಹ್ಯೂಗೊ ಚಾವೆಸ್‌ಗೆ ಮೂರು ಪುಟ ಬೇಡ. ಪೆರೆಸ್ ವಿರುದ್ಧ ಅವರು ನಡೆಸಿದ 1992ರ ಫೆಬ್ರವರಿ 4ರ ಸೇನಾ ದಂಗೆ, ಅದು ಸೋತದ್ದು, ಸೋತ ಅಧಿಕಾರಿ ಟಿವಿಯಲ್ಲಿ ಮಾತಾಡಿ ರಾತ್ರೋರಾತ್ರಿ ಮನೆಮಾತಾದದ್ದು, ಅಷ್ಟು ಸಾಕು. ಕೊನೆಯ ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಕೂಡ ಸುಮ್ನೆ ಸೇರಿಸಿದ ಹಾಗಿದೆ, ಹೊಡೆದುಹಾಕಿ.

1,200 ಪದ ಮೀರಬೇಡಿ. ಮುಂದಿನ ತಿಂಗಳೊಳಗೆ ಬಂದರೆ ಒಳ್ಳೆಯದು.

ಇಂತಿ,
ಸಂಪಾದಕ