ಡಂಡಾಸ್ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

ಹದಿನೆಂಟನೇ ಶತಮಾನದ ಸ್ಕಾಟಿಷ್ ವಕೀಲ, ರಾಜಕಾರಣಿಯ ಬಗ್ಗೆ ನೀವು ಕಳಿಸಿದ ‘ಸ್ಕಾಟ್ಲೆಂಡಿನ ಕಿರೀಟವಿಲ್ಲದ ದೊರೆ ಹೆನ್ರಿ ಡಂಡಾಸ್’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ವಿಷಯವೂ ಅಲ್ಲ. ಅದಕ್ಕೇ ವಿಷಾದದ ಒಂದು ಸಾಲು ಕಳಿಸಿ ಸುಮ್ಮನಾಗದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ಪೂರ್ತಿ ಹೊಡೆದುಹಾಕಿ. ‘ಮಂಜು ಮುಸುಕಿದ ಗಿರಿಕಂದರಗಳ ಮಡಿಲಲ್ಲಿ ಅರಳಿದ ಧೀಮಂತ ಚೇತನ’ ಅಂತ ಶುರು ಮಾಡಿದ್ದೀರಿ. ಆತ ಹುಟ್ಟಿದ್ದು 1742ರಲ್ಲಿ, ಎಡಿನ್‌ಬರೋ ಪಟ್ಟಣದೊಳಗೆ, ನ್ಯಾಯಾಧೀಶರ ಮನೆಯಲ್ಲಿ. ಅಪ್ಪ ಮುಂದೆ ಸ್ಕಾಟ್ಲೆಂಡಿನ ಅತ್ಯುನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಅಧ್ಯಕ್ಷನಾದ, ಮಲಅಣ್ಣನೂ ಅದೇ ಕುರ್ಚಿಯಲ್ಲಿ ಕೂತ. ಹೆನ್ರಿ 24ನೇ ವಯಸ್ಸಿಗೇ ಸಾಲಿಸಿಟರ್ ಜನರಲ್. ‘ಸ್ವಂತ ಪರಿಶ್ರಮದಿಂದ ಮೇಲೆ ಬಂದ’ ಎಂಬ ನಿಮ್ಮ ಮಾತು ಇಲ್ಲಿ ನಿಲ್ಲುವುದಿಲ್ಲ. ಆಗ ಸ್ಕಾಟ್ಲೆಂಡಿಗೆ ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯಲ್ಲಿ ಇದ್ದದ್ದು 45 ಸ್ಥಾನ. ಮತ ಹಾಕುವ ಹಕ್ಕಿದ್ದವರು ಬೆರಳೆಣಿಕೆಯ ಜಮೀನುದಾರರು, ಪುರಸಭೆಯ ದೊಡ್ಡವರು. ಅಂಥವರ ಮಕ್ಕಳಿಗೆ, ಅಳಿಯಂದಿರಿಗೆ ಕೆಲಸ ಕೊಡಿಸುತ್ತ ಆತ ದೊರೆಯಾದದ್ದು. ಈ ಲೆಕ್ಕಾಚಾರ ವಿವರಿಸದೆ ‘ಕಿರೀಟವಿಲ್ಲದ ದೊರೆ’ ಅಂದರೆ ಅದು ಬರೀ ಬಿರುದಾಗುತ್ತದೆ.

ನಂತರದ ನಾಲ್ಕು ಪುಟ ಮದುವೆ ದಲ್ಲಾಳಿಯ ಕೈಲಿರುವ ಬಯೋಡೇಟಾ ಥರ ಇದೆ. 1774ರಲ್ಲಿ ಮಿಡ್‌ಲೋಥಿಯನ್‌ನಿಂದ ಸಂಸದ, 1775ರಲ್ಲಿ ಲಾರ್ಡ್ ಅಡ್ವೊಕೇಟ್ (ಸ್ಕಾಟ್ಲೆಂಡಿನಲ್ಲಿ ಸರ್ಕಾರದ ಮುಖ್ಯ ವಕೀಲ), 1791ರಲ್ಲಿ ಗೃಹಮಂತ್ರಿ, 1794ರಲ್ಲಿ ಯುದ್ಧಮಂತ್ರಿ, 1802ರಲ್ಲಿ ಲಾರ್ಡ್ ಮೆಲ್ವಿಲ್. ಎಲ್ಲ ಸರಿಯೇ. ಆದರೆ ಇಸವಿ ತುಂಬುತ್ತ ಹೋದ ಹಾಗೆ ವಕೀಲ ಕಾಣೆಯಾಗಿಬಿಟ್ಟ. ನನ್ನ ತಕರಾರು ಇಷ್ಟೇ: ಈ ಮನುಷ್ಯ ಸಂಸತ್ತಿಗೆ ಹೋದ ಕೂಡಲೇ ಕರಿ ಗೌನು ಕಳಚಲಿಲ್ಲ. ಲಾರ್ಡ್ ಅಡ್ವೊಕೇಟ್ ಆದ ಮೇಲೆ ವಕೀಲಿಯನ್ನು ನಿಧಾನಕ್ಕೆ ಬಿಡುತ್ತ ಹೋದರೂ ವಕೀಲನ ಬುದ್ಧಿ ಬಿಡಲಿಲ್ಲ. ಆ ಎಳೆ ಹಿಡಿದು ಬರೆಯಿರಿ.

ಅದಕ್ಕೆ ಬೇಕಾದದ್ದು ನಿಮ್ಮ ಮೂರನೇ ಪುಟದಲ್ಲೇ ಇದೆ. ಆದರೆ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಜೋಸೆಫ್ ನೈಟ್. ಆಫ್ರಿಕದಿಂದ ತಂದು ಜಮೈಕಾದಲ್ಲಿ ಮಾರಿದ ಹುಡುಗ. ಕೊಂಡ ಜಾನ್ ವೆಡರ್‌ಬರ್ನ್ ಅವನನ್ನು ಸ್ಕಾಟ್ಲೆಂಡಿಗೆ ಕರೆತಂದ. ‘ನಾನು ಯಾರ ಆಸ್ತಿಯೂ ಅಲ್ಲ, ಹೋಗುತ್ತೇನೆ’ ಎಂಬುದು ನೈಟ್‌ನ ವಾದ. ಪರ್ತ್‌ನ ಕೆಳಕೋರ್ಟಿನಿಂದ ಹೊರಟ ಕೇಸು ಕೋರ್ಟ್ ಆಫ್ ಸೆಷನ್‌ಗೆ ಬಂದಾಗ ನೈಟ್ ಪರ ನಿಂತವರಲ್ಲಿ ಡಂಡಾಸ್ ಒಬ್ಬ, ಅದೂ ಲಾರ್ಡ್ ಅಡ್ವೊಕೇಟ್ ಆಗಿದ್ದಾಗ. 1778ರಲ್ಲಿ ಕೋರ್ಟು ನೈಟ್ ಕಡೆಗೇ ತೀರ್ಪು ಕೊಟ್ಟಿತು. ಜಮೈಕಾದ ಕಾನೂನು ಅನ್ಯಾಯದ್ದು, ಅದು ಈ ನೆಲದಲ್ಲಿ ನಡೆಯದು ಎಂಬುದು ಅದರ ಸಾರ. ಇಲ್ಲಿ ಒಂದು ಪುಟ ಬೇಕಾದರೂ ತಗೊಳ್ಳಿ.

ಯಾಕೆಂದರೆ 14 ವರ್ಷದ ನಂತರ ಇದೇ ಬಾಯಿ ಬೇರೆ ಮಾತಾಡುತ್ತದೆ. 1792ರ ಏಪ್ರಿಲ್‌ನಲ್ಲಿ ಸಂಸದ ವಿಲ್ಬರ್‌ಫೋರ್ಸ್ ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ನಿರ್ಣಯ ತಂದಾಗ, ಡಂಡಾಸ್ ಎದ್ದು ‘ಹಂತಹಂತವಾಗಿ’ ಎಂದು ತಿದ್ದುಪಡಿ ಸೇರಿಸಿದ. 230ಕ್ಕೆ 85 ಮತಗಳಿಂದ ಪಾಸಾಯಿತು. ವ್ಯಾಪಾರ ನಿಲ್ಲಿಸುವ ಗಡುವು ಆತ 1800 ಅಂದ, ಸಭೆ 1796 ಅಂತ ಇಟ್ಟಿತು, ಲಾರ್ಡ್ಸ್ ಸಭೆ ಮುಂದಕ್ಕೆ ತಳ್ಳಿತು. ಕಾಯ್ದೆ ಬಂದದ್ದು 1807ರಲ್ಲಿ. ನೀವು ಇದನ್ನು ‘ಆತನ ಕಪಟ ಬಯಲಾಯಿತು’ ಎಂದು ಮುಗಿಸಿದ್ದೀರಿ. ಅಷ್ಟು ಸಲೀಸಲ್ಲ. ಹಿಂದಿನ ವರ್ಷ ಇಂಥದೇ ನಿರ್ಣಯ 163–88ರಲ್ಲಿ ಬಿದ್ದಿತ್ತು. ತಿದ್ದುಪಡಿ ಇಲ್ಲದಿದ್ದರೆ ಈ ಸಲವೂ ಬೀಳುತ್ತಿತ್ತು ಅನ್ನುವ ಇತಿಹಾಸಕಾರರಿದ್ದಾರೆ. ಇನ್ನು ಕೆಲವರು, ಆ ತಡದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಬೇಕಾಯಿತು ಅನ್ನುತ್ತಾರೆ. ಎಡಿನ್‌ಬರೋದಲ್ಲಿ ಆತನ ಎತ್ತರದ ಸ್ತಂಭದ ಬುಡಕ್ಕೆ 2021ರಲ್ಲಿ ಹಾಕಿದ ಫಲಕ ಹೇಳಿದ್ದೂ ಇದನ್ನೇ. ಎರಡೂ ವಾದ ಓದುಗರ ಮುಂದಿಡಿ. ನನ್ನ ಅಭಿಪ್ರಾಯ ಕೇಳಿದರೆ, ಯುದ್ಧಮಂತ್ರಿಯಾಗಿ ಅವನು ಗುಲಾಮರು ಬಂಡೆದ್ದಿದ್ದ ಸೇಂಟ್ ಡೊಮಿಂಗೊ (ಇಂದಿನ ಹೈಟಿ) ಹಿಡಿಯಲು ಸೈನ್ಯದ ಮೇಲೆ ಸೈನ್ಯ ಕಳಿಸಿದ್ದನ್ನು ಪಕ್ಕದಲ್ಲಿಟ್ಟು ನೋಡಿದಾಗ ಮೊದಲನೆಯ ವಾದ ನಂಬುವುದು ಕಷ್ಟ. ನಿಮ್ಮ ಲೇಖನದಲ್ಲಿ ಆ ಪ್ರಸಂಗವೇ ಇಲ್ಲ.

ಮೈಸೂರಿನ ಭಾಗದ ಬಗ್ಗೆ. ‘ಟಿಪ್ಪುವನ್ನು ಕೊಂದವನು ಡಂಡಾಸ್’ ಎಂಬ ಉಪಶೀರ್ಷಿಕೆ ಓದುಗರನ್ನು ಸೆಳೆಯಬಹುದು, ಆದರೆ ಅದು ಸತ್ಯವಲ್ಲ. ಆತ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಸರ್ಕಾರದ ಪರವಾಗಿ ಕಣ್ಣಿಡುತ್ತಿದ್ದ ಲಂಡನ್ನಿನ ಬೋರ್ಡ್ ಆಫ್ ಕಂಟ್ರೋಲ್‌ನ ಅಧ್ಯಕ್ಷನಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಪತ್ರ ಬರೆಯುತ್ತಿದ್ದ, ಆ ಪತ್ರಗಳು ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದವು. ನಿಜವಾದ ನಂಟು ಇನ್ನೂ ಸ್ವಾರಸ್ಯದ್ದು. 1780ರಲ್ಲಿ ಹೈದರಾಲಿ ಕರ್ನಾಟಿಕ್ ಮೇಲೆ ದಂಡೆತ್ತಿ ಹೋದಾಗ ಲಂಡನ್ ಬೆಚ್ಚಿತು. ಯುದ್ಧ ಯಾಕಾಯಿತೆಂದು ವಿಚಾರಿಸಲು ಕಾಮನ್ಸ್ ಸಭೆ ಮರುವರ್ಷ ಗುಪ್ತ ಸಮಿತಿ ಮಾಡಿತು, ಅದರ ಅಧ್ಯಕ್ಷ ಡಂಡಾಸ್. ಕೇಸಿನ ಕಡತ ಓದುವ ಹಾಗೆ ಕಂಪನಿಯ ಕಾಗದ ಓದಿಯೇ ಆತ ಭಾರತದ ವಿಷಯದಲ್ಲಿ ಪಾರ್ಲಿಮೆಂಟಿನ ತಜ್ಞನಾದದ್ದು. ಹೈದರ್ ಅವನ ಏಣಿಯಾದ. ಇದನ್ನು ಬಿಟ್ಟಿದ್ದೀರಲ್ಲ! ಅಂದಹಾಗೆ, ಆ ಕರ್ನಾಟಿಕ್ ಆರ್ಕಾಟ್ ನವಾಬನ ಸೀಮೆ. ‘ನಮ್ಮ ಕರ್ನಾಟಕದ ಮೇಲೆ’ ಎಂದು ಬರೆದದ್ದನ್ನು ತಿದ್ದಿ.

ಕೊನೆಯ ಕೇಸಿನಲ್ಲಿ ಆತನೇ ಆರೋಪಿ. ನೌಕಾಪಡೆಯ ಖಜಾಂಚಿಯಾಗಿದ್ದಾಗ ಅವನ ಕೈಕೆಳಗಿನ ಅಲೆಕ್ಸಾಂಡರ್ ಟ್ರಾಟರ್ ಸರ್ಕಾರದ ಹಣವನ್ನು ಕೂಟ್ಸ್ ಬ್ಯಾಂಕಿನ ತನ್ನ ಖಾತೆಗೆ ಹಾಕಿಕೊಂಡು ಆಡಿಸಿದ್ದ. 1805ರ ಏಪ್ರಿಲ್‌ನಲ್ಲಿ ಖಂಡನಾ ನಿರ್ಣಯಕ್ಕೆ 216 ಪರ, 216 ವಿರುದ್ಧ. ಸ್ಪೀಕರ್ ಚಾರ್ಲ್ಸ್ ಅಬಾಟ್ ತಮ್ಮ ನಿರ್ಣಾಯಕ ಮತವನ್ನು ಡಂಡಾಸ್ ವಿರುದ್ಧ ಹಾಕಿದರು, ಗೆಳೆಯ, ಪ್ರಧಾನಿ ಪಿಟ್ ಕಣ್ಣೀರು ಹಾಕಿದ. ಮರುವರ್ಷ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ನಡೆದ ವಾಗ್ದಂಡನೆಯ ವಿಚಾರಣೆಯಲ್ಲಿ ಖುಲಾಸೆಯಾದ. ಬ್ರಿಟನ್ನಿನಲ್ಲಿ ಅಂಥ ವಿಚಾರಣೆ ಅದೇ ಕೊನೆ. ನೀವು ‘ನಿರಪರಾಧಿ ಎಂದು ಸಾಬೀತಾಯಿತು’ ಎಂದಿದ್ದೀರಿ. ಖುಲಾಸೆ ಅಂತ ಮಾತ್ರ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮೇರು ವ್ಯಕ್ತಿತ್ವ’, ‘ಅಪ್ರತಿಮ ವಾಗ್ಮಿ’ ತೆಗೆಯಿರಿ. ಲಂಡನ್ನಿನಲ್ಲಿ ವರ್ಷಗಟ್ಟಲೆ ಇದ್ದರೂ ಆತ ಅಪ್ಪಟ ಸ್ಕಾಟಿಷ್ ಧಾಟಿಯಲ್ಲೇ ಮಾತಾಡುತ್ತಿದ್ದ. ಆ ಒಂದು ವಿವರ ಸಾಕು.

ತಿದ್ದಿದ್ದನ್ನು 1200 ಪದದೊಳಗೆ ಕಳಿಸಿ. ಜೊತೆಗಿಟ್ಟ ಸ್ತಂಭದ ಫೋಟೋ ಎಲ್ಲಿಂದ ತೆಗೆದದ್ದು, ಬಳಸಲು ಅನುಮತಿ ಇದೆಯೇ ಎಂಬುದನ್ನೂ ಬರೆಯಿರಿ.

ಇಂತಿ,
ಸಂಪಾದಕ