ಶರಾವತಿ ನಮ್ಮಲ್ಲೇ ಇದೆ, ಸಂಜೆ ಕರೆಂಟ್ ಹತ್ತು ರೂಪಾಯಿ ಯಾಕೆ?

ಪ್ರಶ್ನೆ: ಶರಾವತಿ ನೀರಿನಿಂದ ಕಡಿಮೆ ಖರ್ಚಿಗೆ ಕರೆಂಟ್ ಬರುತ್ತದೆ. ಆದರೂ ರಾಜ್ಯ ಬೇಸಿಗೆಯ ಸಂಜೆ ಯೂನಿಟ್‌ಗೆ 10 ರೂಪಾಯಿ ಕೊಟ್ಟು ಹೊರಗಿನಿಂದ ಕೊಳ್ಳುತ್ತದಂತೆ. ಮಧ್ಯಾಹ್ನ ಅದೇ ಕರೆಂಟ್ ಅಗ್ಗವಂತೆ. ಈ ರೇಟು ಹೇಗೆ ಕಟ್ಟುತ್ತಾರೆ?
– ಅಡಿಕೆ ಬೆಳೆಗಾರರೊಬ್ಬರು, ಸಾಗರ

ಉತ್ತರ: ನಿಮಗೆ ಅಡಿಕೆ ಮಂಡಿ ಗೊತ್ತು, ಅಲ್ಲಿಂದಲೇ ಶುರು ಮಾಡೋಣ. ಮಂಡಿಯಲ್ಲಿ ರಾಶಿ ಅಡಿಕೆಗೊಂದು ಧಾರಣೆ, ಬೆಟ್ಟೆ ಅಡಿಕೆಗೊಂದು. ಮಾಲು ನೋಡಿ ಟೆಂಡರ್ ಬರೆಯುತ್ತಾರೆ. ಕರೆಂಟಿನಲ್ಲಿ ಆ ಭೇದವೇ ಇಲ್ಲ. ಹಾಗಾಗಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ, ಅಂದರೆ ಕರೆಂಟಿನ ಮಂಡಿಯಲ್ಲಿ, ಒಂದು ಹೊತ್ತಿಗೆ ಎಲ್ಲರಿಗೂ ಒಂದೇ ಧಾರಣೆ.

ನಮ್ಮ ದೇಶದಲ್ಲಿ ಇದು ಶುರುವಾಗಿದ್ದು 2008ರಲ್ಲಿ. ನಾಳೆಯ ಕರೆಂಟಿನ ವ್ಯಾಪಾರ ಇವತ್ತೇ ಮುಗಿಯುತ್ತದೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದಕ್ಕೂ ಬೇರೆ ರೇಟು ಕಟ್ಟುತ್ತಾರೆ. ಸಂಜೆ 7ರಿಂದ 7.15ರ ತುಂಡು ನೋಡಿ. ಲೆಕ್ಕಕ್ಕೆ ಹೇಳುವುದಾದರೆ, ಕೊಳ್ಳುವವರಿಗೆ 300 ಮೆಗಾವ್ಯಾಟ್ ಬೇಕು. ಮಾರುವವರು ಮೂವರು, ತಲಾ 100. ಒಬ್ಬರು 3 ರೂಪಾಯಿ ಬರೆಯುತ್ತಾರೆ, ಇನ್ನೊಬ್ಬರು 5, ಕೊನೆಯವರು 9. ಮೂವರೂ ಬೇಕೇ ಬೇಕು. ಆಗ ಮೂವರಿಗೂ ಸಿಗುವುದು 9.

ಮೂರು ಅಂದವರಿಗೂ ಒಂಬತ್ತು ಯಾಕೆ ಅಂತ ಸಿಟ್ಟು ಬರುತ್ತೆ, ಅಲ್ವಾ? ಬರೆದಷ್ಟೇ ಕೊಡುವ ಹಾಗಿದ್ದರೆ ಅವರು ಕೊನೆಯವರ ರೇಟು ಅಂದಾಜು ಮಾಡಿ 8.90 ಬರೆಯುತ್ತಿದ್ದರು. ಈಗ ಅಸಲು ಖರ್ಚು ಬರೆದರೂ ಅವರಿಗೆ ನಷ್ಟವಿಲ್ಲ. ಆದರೆ ಕೊರತೆ ಬಂದಾಗ ಇದಕ್ಕೆ ಲಗಾಮು ಬೇಕೇ ಬೇಕು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2022ರಲ್ಲಿ 12 ರೂಪಾಯಿ, 2023ರಲ್ಲಿ 10 ರೂಪಾಯಿ ಮಿತಿ ಹಾಕಿದ್ದು ಒಳ್ಳೆಯ ಕೆಲಸ. ನೀವು ಕೇಳಿದ ಹತ್ತು ಆ ಮಿತಿಯೇ. ಮಧ್ಯಾಹ್ನ ಸೋಲಾರ್ ಧಾರಾಳ, ಕೊನೆಯ ಮಾರಾಟಗಾರನೂ ಅಗ್ಗ.

ಲೈನಿನ ಮಾತೂ ಇದೆ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಮಲ್ಪೆಯಲ್ಲಿ ಮೀನು ಉಳಿಯುತ್ತೆ, ತೀರ್ಥಹಳ್ಳಿಯಲ್ಲಿ ರೇಟು ಏರುತ್ತೆ. ಹೈಟೆನ್ಷನ್ ಲೈನ್ ತುಂಬಿದರೂ ಹಾಗೆಯೇ, ಆಚೆಗೊಂದು ರೇಟು, ಈಚೆಗೊಂದು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನ್ ದಕ್ಷಿಣವನ್ನು ದೇಶದ ಗ್ರಿಡ್‌ಗೆ ಸೇರಿಸಿತು. ಅದಕ್ಕೂ ಮುಂಚೆ ಉತ್ತರದ ಅಗ್ಗದ ಕರೆಂಟ್ ನಮಗೆ ಸಲೀಸಾಗಿ ಬರುತ್ತಿರಲಿಲ್ಲ.

ಇನ್ನು ಶರಾವತಿ. 10 ಯಂತ್ರ, 1035 ಮೆಗಾವ್ಯಾಟ್. ರಾಜ್ಯದ ಬೇಡಿಕೆ ಬೇಸಿಗೆಯಲ್ಲಿ 17 ಸಾವಿರ ದಾಟಿದ್ದಿದೆ. ಲಿಂಗನಮಕ್ಕಿಯಲ್ಲಿ ಮಳೆಗಾಲದಲ್ಲಿ ತುಂಬಿದ ನೀರು ಮುಂದಿನ ಜೂನ್‌ವರೆಗೆ ಬರಬೇಕು. ಮಧ್ಯಾಹ್ನ ಸೋಲಾರ್ ಇರುವಾಗ ಸುಮ್ನೆ ಆ ನೀರು ಬಿಟ್ಟರೆ, ಏಪ್ರಿಲ್ ಸಂಜೆ ಅಷ್ಟೇ ಕರೆಂಟನ್ನು 10 ರೂಪಾಯಿಗೆ ಕೊಳ್ಳಬೇಕಾಗುತ್ತದೆ. ನೀರಿಗೆ ಖರ್ಚಿಲ್ಲ ನಿಜ, ಬೆಲೆ ಇದೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟನ್ನು ಕೈಸಾಲ ತಂದಿತು. ದುಡ್ಡಿಗಲ್ಲ, ಮುಂದಿನ ಮಳೆಗಾಲದಲ್ಲಿ ಕರೆಂಟನ್ನೇ ವಾಪಸ್ ಕೊಡುವ ಮಾತಿನ ಮೇಲೆ.

ನಿಮ್ಮ ಮನೆ ಬಿಲ್ಲಿನ ದರ ಸಂಜೆಗೊಂದು, ಮಧ್ಯಾಹ್ನಕ್ಕೊಂದು ಅಂತ ಕುಣಿಯುವುದಿಲ್ಲ. ಅದನ್ನು ರಾಜ್ಯದ ಆಯೋಗ ಮೊದಲೇ ನಿಗದಿ ಮಾಡಿರುತ್ತದೆ. ಖರೀದಿ ಜಾಸ್ತಿಯಾದರೆ ಇಂಧನ ಹೊಂದಾಣಿಕೆ ಶುಲ್ಕ ಅಂತ ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರುತ್ತದೆ. ಮುಂದಿನ ಬಿಲ್ಲಿನಲ್ಲಿ ಆ ಸಾಲು ಹುಡುಕಿ ನೋಡಿ.